ಕೋಡುಬಳೆಯೊಳಗಿನ ದಾರ

ದೊಡ್ಡ ತತ್ವವೇನಲ್ಲ, ನೋಡಿ. ಒಂದು ಹಿಡಿ ಹಿಟ್ಟಿನ ವಿಷಯ.

ಹೊಳೆದಂಡೆಯಲ್ಲೊಂದು ಆಶ್ರಮ. ಅಲ್ಲಿನ ಗುರುವನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ನಾಳೆ ಬೆಳಗಾದರೆ ಶಿಷ್ಯ ಪಂಚಾಕ್ಷರಿಗೆ ಗುರುಪೀಠ. ಹಬ್ಬವೇ ಎನ್ನಿ, ಅಡಿಗೆಮನೆಯಲ್ಲಿ ಅಜ್ಜನೇ ಕೂತು ಕೋಡುಬಳೆ ಹೊಸೆಯುತ್ತಿದ್ದ.

ಪಂಚಾಕ್ಷರಿ ಬಂದವನೇ ಕಾಲು ಹಿಡಿದ.

“ಅಜ್ಜಾ, ಹನ್ನೆರಡು ವರ್ಷದ ಹಿಂದೆ ತಾಳೆಗರಿ ಕಟ್ಟು ಹೊಳೆಪಾಲಾಯಿತಲ್ಲ, ಅದು ಕೊಟ್ರನ ಕೈಯಿಂದಲ್ಲ. ನನ್ನ ಕೈಯಿಂದ.”

ಕೊಟ್ರ ಇವನ ಜೊತೆಗೇ ಕಲಿಯುತ್ತಿದ್ದವನು. ಅಂದು ಇವನ ಮಾತು ನಂಬಿ ಅಜ್ಜ ಅವನನ್ನು ಆಶ್ರಮದಿಂದ ಹೊರಗೆ ಹಾಕಿದ್ದ.

ಅಜ್ಜನ ಕೈ ನಿಲ್ಲಲಿಲ್ಲ. “ಈಗ್ಯಾಕೆ ಹೇಳ್ತೀಯಪ್ಪಾ?”

“ಪೀಠ ಏರೋ ಮೊದಲು ನಿಮ್ಮ ಬಾಯಿಂದ ಒಂದು ಮಾತು ಬೇಕು. ಆ ಪಂಚಾಕ್ಷರಿ ಈಗಿಲ್ಲ ಅಂತ. ಸಿಟ್ಟು ಬಿಟ್ಟೆ. ಒಪ್ಪೊತ್ತು ಉಂಡೆ. ಪೂರ್ತಿ ಬೇರೆ ಮನುಷ್ಯನೇ ಆಗಿದ್ದೀನಿ.”

ಅಜ್ಜ ಹಿಟ್ಟಿನ ಉಂಡೆಯೊಂದಕ್ಕೆ ದಾರ ಸುತ್ತಿ ಗಂಟು ಹಾಕಿದ. ಬೆರಳಿಂದ ಸರಿಸಿದ. ದಾರ ಜಾರಿ ಹೊರಗೆ ಬಿತ್ತು.

ಆಮೇಲೆ ಗಂಟು ಬಿಚ್ಚಿ, ಅದೇ ದಾರವನ್ನು ಹಸಿ ಕೋಡುಬಳೆಯೊಂದರ ತೂತಿನಲ್ಲಿ ತೂರಿಸಿ, ಗಂಟು ಹಾಕಿ, ಅವನ ಕೈಗಿಟ್ಟ.

“ಇದನ್ನ ಉಂಡೆ ಮಾಡು. ಹರೀಬಾರದು. ಅಂಟಿಸಬಾರದು. ಎಳಿ, ಬಗ್ಗಿಸು, ಹಿಗ್ಗಿಸು, ನಿನ್ನಿಷ್ಟ.”

ಪಂಚಾಕ್ಷರಿ ಎಳೆದ. ಬಳೆ ದೊಡ್ಡದಾಯಿತು, ದಾರ ಬರಲಿಲ್ಲ. ಒಂದು ಮಗ್ಗುಲನ್ನು ದಪ್ಪ ಮಾಡಿದ, ಅದರೊಳಗೆ ಹೆಬ್ಬೆರಳು ಒತ್ತಿ ಕುಳಿ ಮಾಡಿದ. ಮುಖ ಅರಳಿತು.

“ನೋಡಿ ಅಜ್ಜಾ, ಹಿಡಿಯಿರೋ ಲೋಟ! ಕೋಡುಬಳೆಯ ಗುರುತಾದರೂ ಇದೆಯಾ?”

ಅಜ್ಜ ಲೋಟದ ಹಿಡಿಯೊಳಗೆ ಬೆರಳು ತೂರಿಸಿದ. ದಾರವೂ ಅಲ್ಲೇ ಇತ್ತು.

“ವೇಷ ಚೆನ್ನಾಗಿದೆ. ತೂತು ಹಿಡಿಗೆ ಹೋಗಿ ಕೂತಿದೆ, ಅಷ್ಟೆ.”

ಪಂಚಾಕ್ಷರಿ ದಾರವನ್ನು ಇನ್ನೊಮ್ಮೆ ಎಳೆದು ನೋಡಿದ.

“ಹಾಗಾದರೆ ಕೊಟ್ರನ ಕಾಲಿಗೇ ಬೀಳ್ತೀನಿ. ಎಲ್ಲಿದ್ದಾನೆ?”

ಈಗ ಅಜ್ಜನ ಕೈ ನಿಂತಿತು.

“ಹೋದ ವರ್ಷ ಆಚೆ ದಡದಲ್ಲಿ ನಾನೇ ಮಣ್ಣು ಕೊಟ್ಟು ಬಂದೆ. ಸಾಯೋ ಮುಂಚೆ ಒಂದೇ ಮಾತು ಕೇಳಿದ: ‘ಅಜ್ಜಾ, ಕಟ್ಟು ಸಿಕ್ತಾ?’ ”

“ಅಜ್ಜಾ...”

“ನೀನು ಹೇಳಿದೆ. ನಾನು ನಂಬಿದೆ. ತೂತು ನನಗೂ ಇದೆ ಕಣಪ್ಪಾ. ನಾಳೆ ಎಲ್ಲರ ಮುಂದೆ ನಾನು ಅದನ್ನ ಹೇಳ್ತೀನಿ. ನೀನು?”

ಅಂಗಳದಲ್ಲಿ ಜನ ಆಗಲೇ ನೆರೆದಿದ್ದರು. ಯಾರೋ ತೋರಣ ಕಟ್ಟುತ್ತಾ ಪಂಚಾಕ್ಷರಿಯ ಹೆಸರು ಹಿಡಿದು ಜಯಕಾರ ಹಾಕಿದರು.

ಪಂಚಾಕ್ಷರಿ ಬಾಗಿಲ ಕಡೆ ನೋಡಿದ. ಲೋಟವನ್ನು ಅಂಗೈಯಲ್ಲಿ ಮುದ್ದೆ ಮಾಡಿದ. ದಾರವನ್ನು ಒಳಕ್ಕೆ ತುರುಕಿ, ತೂತು ಒತ್ತಿ ಮುಚ್ಚಿ, ನುಣ್ಣಗೆ ದುಂಡು ಮಾಡಿದ.

“ಉಂಡೆ ಆಯ್ತು, ಅಜ್ಜಾ.”

“ಅಂಟಿಸಿದೆಯಲ್ಲೋ.”

“ನೋಡಿದವರಿಗೆ ಗೊತ್ತಾಗಲ್ಲ.”

ಅಜ್ಜ ಉಂಡೆಯನ್ನು ತೆಗೆದು ನಾಳೆಯ ಪ್ರಸಾದದ ಬುಟ್ಟಿಯಲ್ಲಿಟ್ಟ.

“ನೋಡಿದವರಿಗೆ ಗೊತ್ತಾಗಲ್ಲ, ನಿಜ. ತಿಂದವರ ಹಲ್ಲಿಗೆ ದಾರ ಸಿಗುತ್ತೆ.”