ಒಂದೇ ಸಿಳ್ಳೆಯ ಒಪ್ಪಂದ

"ತಾಯೀ, ಚಿಕ್ಕ ದೇಶವೊಂದು ದೊಡ್ಡ ದೇಶದ ಸೇನಾಕೂಟವನ್ನು ಸೇರಿದರೆ ಉಳಿಯುತ್ತದೆಯೋ, ಸೇರದೆ ಇದ್ದರೆ ಉಳಿಯುತ್ತದೆಯೋ?" ಎಂದು ಕರಿಬಸವ ಕೇಳಿದ.

ಗುರುತಾಯಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಅನ್ನ ತಳ ಹಿಡಿದಿತ್ತು.

ಕರಿಬಸವ, ಗುರುಪಾದ ಇಬ್ಬರೂ ಅವರ ಶಿಷ್ಯರು. ದೂರದ ಯಾವುದೋ ಎರಡು ದೇಶಗಳ ನಡುವೆ ಯುದ್ಧ ಹತ್ತಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನದಿಂದ ಅವರಿಬ್ಬರೂ ಬೇರೆ ಮಾತು ಆಡಿರಲಿಲ್ಲ. ಅಂಗಳ ಗುಡಿಸುವಾಗ ಕರಿಬಸವ ಒಂದು ದೇಶವನ್ನು ಕೂಟಕ್ಕೆ ಸೇರಿಸುತ್ತಿದ್ದ. ನೀರು ಸೇದುವಾಗ ಗುರುಪಾದ ಅದನ್ನು ಹೊರಗೆ ಎಳೆಯುತ್ತಿದ್ದ.

"ಒಬ್ಬನೇ ನಿಂತು ಹೊಡೆಸಿಕೊಳ್ಳೋದು ಯಾವ ಸೀಮೆಯ ಸ್ವಾತಂತ್ರ್ಯವೋ?" ಎಂದು ಕರಿಬಸವ.

"ಇನ್ನೊಬ್ಬನ ಜಗಲಿಯಲ್ಲಿ ಕೈಕಟ್ಟಿ ನಿಲ್ಲೋದು ಯಾವ ಸೀಮೆಯ ಭದ್ರತೆಯೋ?" ಎಂದು ಗುರುಪಾದ.

ಗುರುತಾಯಿ ಸೀದ ಅನ್ನವನ್ನೇ ಎರಡು ತಟ್ಟೆಗೆ ಬಡಿಸಿದರು. "ಭೂಮಿಯ ಮೇಲಿನ ದೇಶಗಳನ್ನೆಲ್ಲ ಸಂಭಾಳಿಸುವವರಿಗೆ ಒಂದು ಪಾತ್ರೆ ಸಂಭಾಳಿಸಲು ಆಗಲಿಲ್ಲ. ಕುಳಿತುಕೊಳ್ಳಿ. ಇದನ್ನೇ ತಿನ್ನಿ. ತಿನ್ನುವಷ್ಟು ಹೊತ್ತು ನಿಮ್ಮ ಬಾಯಿಗೆ ಬೇರೆ ಕೆಲಸ ಇರುತ್ತದೆ. ಅಷ್ಟರಲ್ಲಿ ನಾನು ಹೇಳಿ ಮುಗಿಸುತ್ತೇನೆ," ಎಂದರು. ಹೇಳತೊಡಗಿದರು.

ಒಬ್ಬ ಕುರಿಗಾಹಿ ಸತ್ತ. ಹಿಂಡನ್ನು ಇನ್ನು ಮುಂದೆ ತಾನೇ ಮೇಯಿಸುತ್ತೇನೆ ಎಂದು ಅವನ ಹೆಂಡತಿ ಹೇಳಿದಳು. ಮೈದುನ ನಕ್ಕ.

"ನಿನ್ನ ಕೈಲಿ ಆಗೋದಲ್ಲ ಅತ್ತಿಗೆ. ಮಳೆಗಾಲ ಮುಗಿಯೋದರೊಳಗೆ ಕೋಲು ತಂದು ನನ್ನ ಗೋಡೆಗೆ ಒರಗಿಸ್ತೀಯ. ಆಮೇಲೆ ಹಿಂಡು ನನ್ನದು, ನಿನಗೆ ಎರಡು ಹೊತ್ತು ಊಟ."

"ನೋಡೋಣ," ಎಂದಳು.

ಆ ಜನರಲ್ಲಿ ಒಂದು ಪದ್ಧತಿಯಿದೆ. ಪ್ರತಿ ಹಿಂಡಿಗೂ ಅದರದೇ ಒಂದು ಕೂಗು. ನಾಯಿಗಳು ಆ ಕೂಗಿಗೆ ಏಳುತ್ತವೆ, ಆ ಕೂಗಿಗೆ ಹಿಂತಿರುಗುತ್ತವೆ. ಬಯಲಿನಲ್ಲಿ ನಾಲ್ಕು ಹಿಂಡು ಬೆರೆತುಹೋದರೂ ಕೂಗು ಹಾಕಿದರೆ ಸಾಕು, ಯಾರ ನಾಯಿ ಯಾರ ಕುರಿ ಎಂದು ಬೇರೆಯಾಗುತ್ತವೆ. ಕೂಗು ಮನೆತನದ ಆಸ್ತಿ. ಅದನ್ನು ಅಳಿಯನಿಗೂ ಕಲಿಸುವುದಿಲ್ಲ. ಮೈದುನ ಅದಕ್ಕೂ ಅಡ್ಡ ಬಂದ. "ಅಣ್ಣನ ಕೂಗು ನಮ್ಮ ಮನೆಯದು. ನಿನ್ನ ಬಾಯಲ್ಲಿ ಅದು ಬರಬಾರದು," ಎಂದು ಹಳೆಯ ನಾಯಿಗಳನ್ನು ಹಿಡಿದುಕೊಂಡು ಹೋದ.

ಅವಳು ನಾಯಿಮರಿಗಳನ್ನು ತಂದಳು. ಒಂದು ಕೂಗನ್ನು ತಾನೇ ಕಟ್ಟಿದಳು. ಅದು ಕೇಳಲು ಚೆನ್ನಾಗಿರಲಿಲ್ಲ, ಎಣ್ಣೆ ಕಾಣದ ಬಾಗಿಲು ತೆರೆದ ಹಾಗಿತ್ತು. ಬೇರೆ ಕುರಿಗಾಹಿಗಳು ಅದನ್ನು ಅಣಕಿಸಲು ನೋಡಿದರು. ಅವರ ಬಾಯಿಗೆ ಅದು ಬರಲಿಲ್ಲ. ರೊಟ್ಟಿ ಮುರಿದು ಅಂಗೈಯಲ್ಲಿಟ್ಟು, ಕೂಗಿ, ತಿನ್ನಿಸಿ, ಮತ್ತೆ ಕೂಗಿ ಅವಳು ಮರಿಗಳನ್ನು ಬೆಳೆಸಿದಳು. ಮಳೆಗಾಲ ಮುಗಿಯಿತು. ಕೋಲು ಅವಳ ಕೈಯಲ್ಲೇ ಇತ್ತು.

ಆ ಬಯಲಿನ ಪಡುವಲಲ್ಲಿ ಒಬ್ಬ ದೊಡ್ಡ ಹಿಂಡಿನವನಿದ್ದ. ಮೂಡಲಲ್ಲಿ ಇನ್ನೊಬ್ಬನಿದ್ದ. ಅವಳ ಮೇವಿನ ನೆಲ ಇಬ್ಬರ ನಡುವೆ. ಮೊದಲು ಪಡುವಲವನು ತನ್ನ ಕುರಿಗಳನ್ನು ಅವಳ ನೆಲಕ್ಕೆ ಬಿಟ್ಟ. ಕೇಳಿದರೆ, "ನನ್ನ ತಾತನ ಕಾಲಕ್ಕೆ ಇದು ನಮ್ಮದೇ," ಎಂದ. ಆಮೇಲೆ ಅವಳ ಟಗರನ್ನು ಅಟ್ಟಿಕೊಂಡು ಹೋದ. ಕುರಿಗಳು ಮರಿ ಹಾಕುವ ಕಾಲ ಹತ್ತಿರವಾಗಿತ್ತು. ಗಬ್ಬದ ಕುರಿಗಳನ್ನು ಹೊಡೆದುಕೊಂಡು ಬೇರೆ ಕಡೆ ಓಡಲು ಆಗುವುದಿಲ್ಲ.

ಆಗ ಮೂಡಲವನು ಅವಳ ದೊಡ್ಡಿಯ ಬೇಲಿಯ ಹತ್ತಿರ ಬಂದು ನಿಂತ.

"ನಿನ್ನ ದೊಡ್ಡಿ ಮುಟ್ಟಿದರೆ ನನ್ನ ದೊಡ್ಡಿ ಮುಟ್ಟಿದ ಹಾಗೆ ಅಂತ ಅವನಿಗೆ ಹೇಳಿ ಕಳಿಸ್ತೀನಿ ತಂಗೀ. ನನ್ನ ಕೆರೆಯಂಗಳದ ಹುಲ್ಲಿಗೂ ನಿನ್ನ ಕುರಿ ಬಿಡು. ಉಣ್ಣೆ ಬೇಡ, ಮರಿ ಬೇಡ. ನಿನ್ನ ಹಿಂಡು ನಿನ್ನದೇ."

"ಮತ್ತೆ ನಿನಗೇನು ಬೇಕು?"

"ಎಲ್ಲ ನಾಯಿಗೂ ಒಂದೇ ಸಿಳ್ಳೆ ಇರಬೇಕು, ಅಷ್ಟೇ. ಅವನು ನುಗ್ಗಿದಾಗ ನಾನೊಂದು ಕೂಗಿ ನೀನೊಂದು ಕೂಗಿದರೆ ನಾಯಿಗಳು ಕಕ್ಕಾಬಿಕ್ಕಿಯಾಗಿ ಒಂದನ್ನೊಂದು ಕಚ್ಚುತ್ತವೆ."

"ಸರಿ. ನನ್ನ ಕೂಗನ್ನು ನಿನ್ನ ನಾಯಿಗಳಿಗೆ ಕಲಿಸು."

ಅವನು ನಕ್ಕ. ಕೆಟ್ಟ ನಗುವಲ್ಲ. "ನನ್ನ ಕಡೆ ಎಷ್ಟು ನಾಯಿ ಇವೆ, ನಿನ್ನ ಕಡೆ ಎಷ್ಟು, ನೀನೇ ನೋಡು. ಯಾರು ಯಾರಿಂದ ಕಲಿತರೆ ಬೇಗ ಮುಗಿಯುತ್ತೆ?"

ಅವಳು ಗಬ್ಬದ ಕುರಿಗಳ ಕಡೆ ನೋಡಿದಳು. ಒಪ್ಪಿದಳು.

ಒಪ್ಪಿದ ಮೇಲೆ ಅರೆಮನಸ್ಸಿನಿಂದ ಮಾಡುವ ಹೆಂಗಸಲ್ಲ ಅವಳು. ಬಾಯಿಗೆ ಬೆರಳಿಟ್ಟು ಸಿಳ್ಳೆ ಹಾಕುವುದನ್ನು ಕಲಿತಳು. ಮೂಡಲವನ ಆಳುಗಳಿಗಿಂತ ಜೋರಾಗಿ ಹಾಕಿದಳು. ರೊಟ್ಟಿ ಮುರಿದು ಅಂಗೈಯಲ್ಲಿಟ್ಟು ತನ್ನ ನಾಯಿಗಳಿಗೆ ಅವನ ಸಿಳ್ಳೆಯನ್ನು ತಾನೇ ಕಲಿಸಿದಳು. ಒಂದು ನಾಯಿಗೆ ಎರಡು ಕೂಗು ಇರಬಾರದು ಎಂದು ತನ್ನ ಕೂಗನ್ನು ನಿಲ್ಲಿಸಿದಳು. ಒಬ್ಬಳೇ ಇದ್ದಾಗಲೂ ಕೂಗಲಿಲ್ಲ. ಕೊಟ್ಟ ಮಾತನ್ನು ಅಷ್ಟು ಚೊಕ್ಕಟವಾಗಿ ನಡೆಸಿದಳು.

ಪಡುವಲವನು ಬಂದ. ಮೂಡಲವನು ಸಿಳ್ಳೆ ಹಾಕಿದ. ಅಷ್ಟೂ ನಾಯಿಗಳು ಒಟ್ಟಿಗೆ ಎದ್ದವು. ಪಡುವಲವನು ಚಪ್ಪಲಿ ಬಿಟ್ಟು ಓಡಿದ. ಆ ವರ್ಷ ಅವಳ ಹಿಂಡಿನಲ್ಲಿ ಹುಟ್ಟಿದ ಮರಿಗಳೆಲ್ಲ ಉಳಿದವು. ಕೆರೆಯಂಗಳದ ಹುಲ್ಲು ತಿಂದು ಕುರಿಗಳು ದುಂಡಗಾದವು.

"ಕೇಳಿದೆಯೇನೋ ಗುರುಪಾದ!" ಎಂದು ಕರಿಬಸವ ತಟ್ಟೆ ಕೆಳಗಿಟ್ಟ. "ಕೂಟ ಸೇರಿದ್ದಕ್ಕೇ ಅವಳು ಉಳಿದಳು."

"ಕತೆ ಮುಗಿದಿದೆ ಎಂದು ನಾನು ಹೇಳಿದೆನೇ?" ಎಂದರು ಗುರುತಾಯಿ. "ತಟ್ಟೆ ಎತ್ತಿಕೋ. ತಿನ್ನು."

ಮರುವರ್ಷ ಮೂಡಲವನಿಗೂ ತೆಂಕಲ ಊರಿನವರಿಗೂ ಒಂದು ಹುಲ್ಲುಗಾವಲಿನ ವಿಷಯಕ್ಕೆ ಜಗಳ ಬಂತು. ಅವಳಿಗೂ ಆ ಊರಿಗೂ ಏನೂ ಇರಲಿಲ್ಲ. ಆ ಊರಿನ ಹೆಂಗಸರು ದಾರಿಯಲ್ಲಿ ಸಿಕ್ಕರೆ ಅವಳಿಗೆ ಮಜ್ಜಿಗೆ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಮೂಡಲ ದಿಕ್ಕಿನಿಂದ ಸಿಳ್ಳೆ ಕೇಳಿಸಿತು. ಅವಳ ನಾಯಿಗಳು ಎದ್ದು ಬೇಲಿ ಹಾರಿದವು.

ಅವಳೂ ಸಿಳ್ಳೆ ಹಾಕಿದಳು, ಅದೇ ಸಿಳ್ಳೆ. ಎರಡು ಕಡೆಯಿಂದ ಒಂದೇ ಸಿಳ್ಳೆ ಬಂದರೆ ನಾಯಿ ಹೆಚ್ಚು ನಾಯಿಗಳಿರುವ ಕಡೆಗೆ ಹೋಗುತ್ತದೆ. ಅವು ನಿಲ್ಲಲಿಲ್ಲ. ಆಗ ತನ್ನ ಹಳೆಯ ಕೂಗನ್ನು ಕೂಗಿದಳು. ಅವುಗಳಲ್ಲಿ ಚಿಕ್ಕದೊಂದು ಮಾತ್ರ ನಿಂತು ತಿರುಗಿ ನೋಡಿತು. ಎಲ್ಲೋ ಕೇಳಿದ ಸದ್ದು ಎಂಬಂತೆ ಕಿವಿ ಎತ್ತಿತು. ಮೂಡಲಿಂದ ಮತ್ತೊಮ್ಮೆ ಸಿಳ್ಳೆ ಬಂತು. ಅದೂ ಓಡಿತು.

ನಾಯಿಯಿಲ್ಲದ ದೊಡ್ಡಿಯನ್ನು ಪಡುವಲವನು ಕಂಡು ನುಗ್ಗಿದ. ಅವಳು ಕೋಲು ಹಿಡಿದು ಬಾಗಿಲಲ್ಲಿ ನಿಂತಳು. ಒಂದು ಕೋಲಿಗೆ ಎಷ್ಟು ಕುರಿಗಳು ಉಳಿಯಬಹುದೋ ಅಷ್ಟು ಉಳಿದವು.

ಸಂಜೆ ಚಿಕ್ಕ ನಾಯಿಯೊಂದೇ ಕಿವಿ ಹರಿದುಕೊಂಡು ಬಂತು. ಉಳಿದವು ತೆಂಕಲ ಊರಿನವರ ಬಡಿಗೆಗೆ ಸಿಕ್ಕು ಸತ್ತಿದ್ದವು. ಅವಳು ಮೂಡಲವನ ದೊಡ್ಡಿಗೆ ಹೋದಳು.

"ನನ್ನ ನಾಯಿಗಳನ್ನು ನಿನ್ನ ಜಗಳಕ್ಕೆ ಯಾಕೆ ಕರೆದೆ?"

"ನಾನೆಲ್ಲಿ ನಿನ್ನ ನಾಯಿ ಕರೆದೆ ತಂಗೀ? ನನ್ನ ನಾಯಿಗೆ ಸಿಳ್ಳೆ ಹಾಕಿದೆ. ನಿನ್ನವೂ ಬಂದವು. ಬಂದವನ್ನು ಹಿಂದಕ್ಕೆ ಅಟ್ಟೋಕೆ ಆಗ ಪುರುಸೊತ್ತು ಎಲ್ಲಿತ್ತು?"

"ನನ್ನ ಅರ್ಧ ದೊಡ್ಡಿ ಖಾಲಿಯಾಯಿತು."

"ನಾಳೆ ಬೆಳಿಗ್ಗೆಯೇ ಪಡುವಲವನ ಮೇಲೆ ಬೀಳೋಣ. ನಾನು ಮಾತಿಗೆ ತಪ್ಪೋನಲ್ಲ. ಸತ್ತ ನಾಯಿಗಳಿಗೆ ಬದಲು ನನ್ನವನ್ನೇ ಕರೆದುಕೊಂಡು ಹೋಗು, ಒಳ್ಳೇ ತಳಿ."

"ಅವು ಯಾರ ಸಿಳ್ಳೆಗೆ ಬರ್ತವೆ?"

ಮೂಡಲವನಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿತು. "ನಮ್ಮ ಸಿಳ್ಳೆಗೆ. ಇನ್ಯಾರದಕ್ಕೆ?" ಎಂದ.

ಅವಳು ನಾಯಿಗಳನ್ನು ತೆಗೆದುಕೊಳ್ಳದೆ ಹಿಂತಿರುಗಿದಳು.

"ನೋಡಿದೆಯಾ!" ಎಂದು ಈಗ ಗುರುಪಾದ ತೊಡೆ ತಟ್ಟಿದ. "ಅದಕ್ಕೇ ಹೇಳಿದ್ದು, ಮೊದಲಿನಿಂದಲೇ ಒಂಟಿಯಾಗಿ ಇರಬೇಕಾಗಿತ್ತು!"

ಗುರುತಾಯಿ ಅವನ ಕಡೆ ತಿರುಗಿದರು. "ಒಂಟಿಯಾಗಿದ್ದರೆ ಮೊದಲ ವರ್ಷವೇ ಒಂದು ಮರಿಯೂ ಉಳಿಯುತ್ತಿರಲಿಲ್ಲ. ಅದನ್ನು ಆಗಲೇ ಹೇಳಿದೆ. ಆಗ ನಿನ್ನ ಗಮನ ಇವನಿಗೆ ಏನು ಉತ್ತರ ಕೊಡಬೇಕು ಎಂಬುದರ ಮೇಲಿತ್ತು. ನಿಮ್ಮಿಬ್ಬರಿಗೂ ಕತೆ ಬೇಡ, ಒಬ್ಬರ ತಲೆಗೊಬ್ಬರು ಕುಟ್ಟಲು ಒಂದು ಕಲ್ಲು ಬೇಕು. ನನಗೂ ಹೇಳಿ ಹೇಳಿ ಸಾಕಾಗಿದೆ. ಇನ್ನು ಒಂದು ಸಲ ನಡುವೆ ಬಾಯಿ ಹಾಕಿದರೆ ಇಲ್ಲಿಗೇ ಬಿಡುತ್ತೇನೆ."

ಇಬ್ಬರೂ ತಟ್ಟೆ ನೋಡಿದರು. ಗುರುತಾಯಿ ಮುಂದುವರಿಸಿದರು.

ಅವಳು ಕೆರೆಯಂಗಳದ ಹುಲ್ಲನ್ನು ಬಿಟ್ಟಳು. ಸಿಳ್ಳೆ ಕೇಳಿಸದಷ್ಟು ದೂರದ ಕಲ್ಲುಗುಡ್ಡದ ಇಳಿಜಾರಿಗೆ ಹಿಂಡನ್ನು ಹೊಡೆದುಕೊಂಡು ಹೋದಳು. ಅಲ್ಲಿ ಮುಳ್ಳುಕಂಟಿ ಬಿಟ್ಟರೆ ಮೇವಿರಲಿಲ್ಲ. ಪಡುವಲವನ ಕೈಗೆ ಸಿಗದೆ ಉಳಿದಿದ್ದ ಕುರಿಗಳಲ್ಲೂ ಕೆಲವು ಬಡವಾಗಿ ಸತ್ತವು. ಇದ್ದ ಒಂದು ನಾಯಿಯನ್ನು ಹಗ್ಗದಲ್ಲಿ ಕಟ್ಟಿ, ತನ್ನ ರೊಟ್ಟಿಯಲ್ಲಿ ಪಾಲು ಕೊಟ್ಟು, ಹಳೆಯ ಕೂಗನ್ನು ಮೊದಲಿನಿಂದ ಕಲಿಸಿದಳು. ನಾಯಿ ಕಲಿಯಲು ಮನಸ್ಸು ಮಾಡಲಿಲ್ಲ. ಮೂಡಲ ಕಡೆಯ ಗಾಳಿ ಬೀಸಿದರೆ ಹಗ್ಗ ಜಗ್ಗುತ್ತಿತ್ತು. ಅವಳು ಅದಕ್ಕೆ ಬೈದಳು. ತನಗೂ ಬೈದುಕೊಂಡಳು. ಮತ್ತೆ ಕೂಗಿದಳು.

ಮೈದುನ ಗುಡ್ಡ ಹತ್ತಿ ಬಂದ. "ನಾನು ಅವತ್ತೇ ಹೇಳಲಿಲ್ಲವಾ ಅತ್ತಿಗೆ? ಈಗಲಾದರೂ ಕೋಲು ಕೊಡು."

"ಬಂದ ದಾರಿ ಗೊತ್ತಿದೆಯಲ್ಲ? ಇಳಿ," ಎಂದಳು.

ಒಂದು ದಿನ ಅವಳು ಹಗ್ಗ ಬಿಚ್ಚಿದಳು. ನಾಯಿ ಇಳಿಜಾರಿನಲ್ಲಿ ಕಾಣದಷ್ಟು ದೂರ ಓಡಿತು. ಕೂಗಿದಳು. ಬಂತು.

ಅದೇ ಗುಡ್ಡದ ಆಚೆ ಮಗ್ಗುಲಲ್ಲಿ ಒಬ್ಬ ಬಡ ಕುರಿಗಾಹಿಯಿದ್ದ. ಪಡುವಲವನ ಭಯ ಅವನಿಗೂ ಇತ್ತು. ಇಬ್ಬರೂ ದೊಡ್ಡಿಗಳನ್ನು ಒಂದರ ಪಕ್ಕ ಒಂದು ಹಾಕಿಕೊಂಡರು. ಅವನ ಕೂಗು ಅವನಿಗೆ, ಇವಳ ಕೂಗು ಇವಳಿಗೆ. ಅದೊಂದು ನೆಟ್ಟಗಿನ ಏರ್ಪಾಡಾಗಿರಲಿಲ್ಲ. ದಿನವೂ ಜಗಳ.

"ನಿನ್ನ ನಾಯಿ ನನ್ನ ಕಾಲಿಗೆ ಬಾಯಿ ಹಾಕಿತು ನೋಡು!"

"ನೀನು ಕಾಲನ್ನು ನನ್ನ ಬೇಲಿಯೊಳಗೆ ಯಾಕೆ ಇಟ್ಟೆ?"

ಪಡುವಲವನು ಅಲ್ಲಿಗೂ ಬಂದ. ಇಬ್ಬರೂ ಒಟ್ಟಿಗೆ ಕೂಗಿದರು. ನಾಯಿಗಳು ಕಕ್ಕಾಬಿಕ್ಕಿಯಾದವು. ಒಂದನ್ನೊಂದು ಕಚ್ಚಿದವು. ಆ ಗಲಾಟೆಯಲ್ಲಿ ಅವಳ ಒಂದು ಕುರಿ ಬಂಡೆಯಿಂದ ಬಿದ್ದು ಸತ್ತಿತು. ಆದರೆ ಕೊನೆಗೆ ನಾಯಿಗಳು ನುಗ್ಗಿದವನ ಮೇಲೆ ತಿರುಗಿದವು. ಪಡುವಲವನು ಬರಿಗೈಯಲ್ಲಿ ಇಳಿದು ಹೋದ.

ಆ ವಾರದಲ್ಲೇ ಬಡ ಕುರಿಗಾಹಿ ಕೆಳಗಿನ ಊರಿನವರ ಮೇಲೆ ಯಾವುದೋ ಹಳೆಯ ಸಿಟ್ಟು ತೀರಿಸಿಕೊಳ್ಳಲು ತನ್ನ ನಾಯಿಗಳನ್ನು ಕೂಗಿ ಹೊರಟ. "ನಿನ್ನದನ್ನೂ ಕಳಿಸು," ಎಂದ. "ಅದು ನಿನ್ನ ಸಿಟ್ಟು," ಎಂದಳು. ಅವನ ನಾಯಿಗಳು ಅವನ ಹಿಂದೆ ಹೋದವು. ಅವಳದು ಬಾಲ ಕೂಡ ಅಲ್ಲಾಡಿಸದೆ ದೊಡ್ಡಿಯ ಬಾಗಿಲಲ್ಲಿ ಮಲಗಿತ್ತು.

ಗುರುತಾಯಿ ನಿಲ್ಲಿಸಿದರು. ಪಾತ್ರೆಯ ತಳ ಕೆರೆಯತೊಡಗಿದರು.

ಕರಿಬಸವ ಖಾಲಿ ತಟ್ಟೆ ಕೆಳಗಿಟ್ಟ. "ಅವಳು ಕೂಟ ಸೇರಿದ ಹಾಗೂ ಆಯಿತು, ಸೇರದ ಹಾಗೂ ಆಯಿತು. ಇದಕ್ಕೆ ಏನೆನ್ನಬೇಕು ತಾಯೀ?" ಎಂದ.

ಅಷ್ಟು ದಿನಗಳಲ್ಲಿ ಮೊದಲ ಸಲ ಗುರುಪಾದ ಅವನ ಜೊತೆ ಸೇರಿದ. "ಅಷ್ಟನ್ನಾದರೂ ಹೇಳಿಬಿಡಿ. ಕೊನೆಗೆ ಅವಳು ಗೆದ್ದಳೋ ಸೋತಳೋ?"

ಗುರುತಾಯಿ ಪಾತ್ರೆಯಿಂದ ಕೈ ತೆಗೆಯದೆ ಹೇಳಿದರು: "ಅವಳ ಹತ್ತಿರ ಈಗ ಮೊದಲಿನ ಅರ್ಧ ಹಿಂಡೂ ಇಲ್ಲ, ಅವಳು ಕರೆದರೆ ಬರುವ, ಬೇರೆಯವರು ಕರೆದರೆ ಏಳದ ಒಂದು ನಾಯಿ ಇದೆ, ಹೋದ ಕುರಿಗಳೆಲ್ಲ ಆ ನಾಯಿಗೆ ತೆತ್ತ ಬೆಲೆ."