ಅಪ್ಪನ ನಡಿಗೆಗೆ ಹನ್ನೆರಡು ಹಾಳೆ

ಮುದ್ದಯ್ಯ ಮೇಷ್ಟ್ರು ಗುರುಗಳಾಗಬೇಕೆಂದು ಆದವರಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಹೇಳಿಕೊಟ್ಟು, ನಿವೃತ್ತರಾಗಿ, ಕಪಿಲಾ ನದಿಯ ದಂಡೆಯಲ್ಲಿದ್ದ ಒಂದು ಸಣ್ಣ ಮಠದ ಹಿತ್ತಲಲ್ಲಿ ಎರಡು ಕೋಣೆ ಹಿಡಿದು ಕೂತಿದ್ದರು. ಗಡ್ಡ ಬೆಳೆದಿತ್ತು, ಜನ ಕೈಮುಗಿಯತೊಡಗಿದರು. ಮೇಷ್ಟ್ರು ಗಡ್ಡ ತೆಗೆಸಿದರು. ಜನ ಕೈಮುಗಿಯುವುದನ್ನು ಮಾತ್ರ ಬಿಡಲಿಲ್ಲ.

ಅವರನ್ನು ಹುಡುಕಿಕೊಂಡು ಒಂದು ಬೆಳಿಗ್ಗೆ ನೀಲಾಂಬಿಕೆ ಬಂದಳು.

ಅವರ ಹಳೆಯ ಶಿಷ್ಯೆ. ಪೆನ್ಸಿಲ್ ಹಿಡಿಯುವುದನ್ನು ಅವರಿಂದಲೇ ಕಲಿತವಳು. ಈಗ ಮೂವತ್ತೈದು ದಾಟಿದೆ. ಮೈಸೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಚಿತ್ರ ಬರೆದು, ಬರೆದ ಚಿತ್ರಗಳನ್ನು ಪರದೆಯ ಮೇಲೆ ಕುಣಿಸಿ ಬದುಕುತ್ತಿದ್ದಾಳೆ. ಯಾರ ಕೈಕೆಳಗೂ ನೌಕರಿಯಿಲ್ಲ. ಯಾರು ಕೇಳಿದರೆ ಅವರಿಗೆ ಬರೆಯುವುದು.

ನಮಸ್ಕಾರ ಮಾಡಿ ಜಗುಲಿಯ ಮೇಲೆ ಕೂತಳು. ಕುಶಲ ವಿಚಾರಿಸುವ ಮೊದಲೇ ಹೇಳಿದಳು:

"ನನ್ನ ಕೈ ಹಾಳಾಗೋಗಿದೆ ಮೇಷ್ಟ್ರೇ."

ಮೇಷ್ಟ್ರು ಅವಳ ಕೈ ಹಿಡಿದು, ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು.

"ನೋವಾ?"

"ನೋವಲ್ಲ. ಬರೆಯೋ ಕೈ ಹಾಳಾಗಿದೆ."

ಇಲ್ಲಿಯವರೆಗೆ ಈ ಕೈ ಏನೇನು ಬರೆದಿದೆ ಎಂದು ಮೇಷ್ಟ್ರು ಕೇಳಿದರು. ಅವಳು ಹೇಳುತ್ತಾ ಹೋದಳು. ಮಕ್ಕಳ ದಂತವೈದ್ಯರೊಬ್ಬರಿಗಾಗಿ ಹಲ್ಲುಜ್ಜುವ ಮೊಸಳೆ. ಒಂದು ಬ್ಯಾಂಕಿಗಾಗಿ ನಗುತ್ತಾ ನಡೆದುಹೋಗುವ ಪಂಚೆಯ ಯಜಮಾನರು. ಅಕ್ಷರ ಕಲಿಸುವ ಗಿಳಿ. ಮೋಡವಾಗಿ, ಮಳೆಯಾಗಿ, ಮತ್ತೆ ಮೋಡವಾಗುವ ಒಂದು ಹನಿ ನೀರು. ಯಾರದೋ ಮದುವೆಯ ಕರೆಯೋಲೆಯಲ್ಲಿ ಸ್ಕೂಟರ್ ಮೇಲೆ ಬರುವ ಗಂಡು ಹೆಣ್ಣು. ಗೊಬ್ಬರದ ಚೀಲದ ಮೇಲೆ ಮೀಸೆ ತಿರುವುವ ಜೋಳದ ತೆನೆ. ಬಾಣಂತಿಯರ ಪುಸ್ತಕ, ಬೆಂಕಿ ಆರಿಸುವ ಪುಸ್ತಕ, ಒಂದು ಅಮ್ಮನವರ ಕ್ಯಾಲೆಂಡರ್.

"ಅಷ್ಟನ್ನೂ ಇದೊಂದೇ ಕೈ ಬರೀತಾ?"

"ಹೂಂ."

"ಗಟ್ಟಿ ಕೈ" ಎಂದರು ಮೇಷ್ಟ್ರು.

ನೀಲಾ ನಗಲಿಲ್ಲ. ಅವಳಿಗೆ ಮೂರು ತಿಂಗಳಿಂದ ನಗು ಬರುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಅವಳ ಅಪ್ಪ ಗುರುಮಲ್ಲಪ್ಪ ತೀರಿಕೊಂಡಿದ್ದರು. ಲೈನ್‌ಮನ್ ಆಗಿದ್ದವರು. ಕಂಬದಿಂದ ಬಿದ್ದು ಕಾಲು ಮುರಿದು, ಮೂಳೆ ಸೊಟ್ಟ ಕೂಡಿಕೊಂಡು, ಕುಂಟುವಂತಾಗಿತ್ತು. ಆಮೇಲೆ ಮಗಳ ಮನೆಗೆ ಬಂದರು. ಆರು ವರ್ಷ ಅವಳ ಜೊತೆಗಿದ್ದು, ಅಲ್ಲೇ ಹೋದರು.

ಇಷ್ಟು ವರ್ಷ ಬರೆದದ್ದೆಲ್ಲ ಬೇರೆಯವರದ್ದು ಎಂದಳು ನೀಲಾ. ತನ್ನದು ಅಂತ ಒಂದನ್ನು ಬರೆಯಬೇಕೆಂಬ ಆಸೆ ಮೊದಲಿಂದ ಇತ್ತು. ಈ ಕೆಲಸ ಮುಗೀಲಿ, ಆ ಕೆಲಸ ಮುಗೀಲಿ ಅಂತ ತಳ್ಳುತ್ತಾ ಬಂದಳು. ಅಪ್ಪ ಹೋದ ಮೇಲೆ ಎಲ್ಲವನ್ನೂ ಬದಿಗಿಟ್ಟು ಕೂತಳು. ಅಪ್ಪ ನಡೆಯುವುದನ್ನು ಬರೆಯಬೇಕು. ಅಷ್ಟೇ.

"ಹನ್ನೆರಡು ಹಾಳೆ ಮೇಷ್ಟ್ರೇ. ಹನ್ನೆರಡು ಚಿತ್ರ ಬರೆದರೆ ಎರಡು ಹೆಜ್ಜೆ ಆಗುತ್ತೆ. ಅದನ್ನೇ ಮತ್ತೆ ಮತ್ತೆ ಓಡಿಸಿದ್ರೆ ಮನುಷ್ಯ ನಡೀತಾನೇ ಇರ್ತಾನೆ. ನಾನು ನಿಲ್ಲಿಸೋವರೆಗೂ ನಿಲ್ಲಲ್ಲ."

ಚೀಲದಿಂದ ಹಾಳೆಗಳ ಒಂದು ಕಟ್ಟು ತೆಗೆದು ಕೊಟ್ಟಳು. ಮೇಷ್ಟ್ರು ಹೆಬ್ಬೆರಳಿನಿಂದ ಹಾಳೆಗಳನ್ನು ಬಿಡುತ್ತಾ ಹೋದರು. ಖಾಕಿ ಅಂಗಿಯ ಮನುಷ್ಯನೊಬ್ಬ ಹಾಳೆಯ ಮೇಲೆ ನಡೆದ. ಮೇಷ್ಟ್ರು ಮತ್ತೊಮ್ಮೆ ಬಿಟ್ಟರು. ಅವನು ಮತ್ತೊಮ್ಮೆ ನಡೆದ.

"ಚೆನ್ನಾಗಿ ನಡೀತಿದಾರೆ. ಯಾರಿವರು?"

"ಅಪ್ಪ."

"ಕುಂಟ್ತಿದ್ರು ಅಂದೆ."

"ಅದೇ ಬರ್ತಿಲ್ಲ."

ನಾನೂರು ಹಾಳೆ ಹರಿದು ಹಾಕಿದ್ದಾಳಂತೆ. ಬರೆದಾಗಲೆಲ್ಲ ಬ್ಯಾಂಕಿನ ಯಜಮಾನರು ನಡೆದು ಬರುತ್ತಾರೆ. ಬಲವಂತವಾಗಿ ಕುಂಟಿಸಿದರೆ ಮಕ್ಕಳನ್ನು ನಗಿಸಲು ಬರೆದ ಬೊಂಬೆಯ ಹಾಗೆ ಆಗುತ್ತದೆ. ಅಪ್ಪನನ್ನು ತಾನೇ ಅಣಕಿಸಿದಂತಾಗಿ, ಒಂದು ದಿನ ಮೇಜಿನ ಮೇಲೆ ತಲೆಯಿಟ್ಟು ಅತ್ತಳಂತೆ.

"ಊರವರಿಗೆಲ್ಲ ಬರೆದೂ ಬರೆದೂ ಈ ಕೈಯಲ್ಲಿ ನಂದು ಅಂತ ಏನೂ ಉಳಿದಿಲ್ಲ. ನೀವು ಕಲಿಸಿದ ಕೈ ಇದು. ಹೆಂಗಾದ್ರೂ ಮಾಡಿ ನನಗೆ ವಾಪಸ್ ಕೊಡಿ."

ಮೇಷ್ಟ್ರು ಹಾಳೆಗಳನ್ನು ಜೋಡಿಸಿ ಅವಳ ಮಡಿಲಲ್ಲಿಟ್ಟರು.

"ನಾಲ್ಕು ದಿನ ಇರು" ಎಂದರು.

ಮೊದಲ ದಿನ ಅವಳನ್ನು ಹೊಳೆಯ ಮೆಟ್ಟಿಲ ಹತ್ತಿರ ಕೂರಿಸಿದರು. ಪೆನ್ಸಿಲ್ ಕಿತ್ತುಕೊಂಡರು. ಬಂದುಹೋಗುವವರನ್ನು ನೋಡು, ಬೇರೇನೂ ಮಾಡಬೇಡ ಎಂದರು. ಅವಳು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಕೈ ಚಡಪಡಿಸತೊಡಗಿತು. ಆದರೂ ನೋಡಿದಳು.

ಎರಡನೆಯ ದಿನ ಪೆನ್ಸಿಲ್ ಕೊಟ್ಟರು.

ದಿನವೂ ಬಟ್ಟೆ ಒಗೆಯಲು ಬರುವ ದೇವೀರಮ್ಮ ಎಂಬ ಮುದುಕಿಯಿದ್ದಳು. ಮಂಡಿ ಹಿಡಿದುಕೊಂಡಿತ್ತು. ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು ಅಡ್ಡಡ್ಡಲಾಗಿ ಇಳಿಯುತ್ತಿದ್ದಳು. ಒಂದು ಮೆಟ್ಟಿಲಿಗೆ ಎರಡೂ ಕಾಲು ತಂದು, ಒಂದು ಉಸಿರು ಬಿಟ್ಟು, ಆಮೇಲೆ ಮುಂದಿನ ಮೆಟ್ಟಿಲು. ನೀಲಾ ಅವಳನ್ನು ಬರೆದಳು. ಹನ್ನೆರಡು ಹಾಳೆ ಸಾಲದೆ ಇಪ್ಪತ್ತು ಆಯಿತು, ಉಸಿರು ಬಿಡುವುದಕ್ಕೇ ಐದು ಹೋಯಿತು.

ಮೇಷ್ಟ್ರು ಆ ಕಟ್ಟನ್ನು ದೇವೀರಮ್ಮನ ಮುಖದ ಮುಂದೆಯೇ ಹಿಡಿದು ಹಾಳೆ ಬಿಟ್ಟರು.

ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಇದೇನವ್ವ, ನಾನೇ ಇಳೀತಾ ಇವ್ನಿ" ಎಂದಳು. ಇನ್ನೊಂದು ಸಲ ತೋರಿಸಲು ಹೇಳಿದಳು. ಎರಡನೇ ಸಲ ಅವಳಿಗೆ ನಗು ಬರಲಿಲ್ಲ. "ಈಪಾಟಿ ಆಗೋಗಿದ್ದಾ ನಂಗೆ" ಎಂದು ಮಂಡಿ ನೀವಿಕೊಂಡು ಹೋದಳು.

ಮೇಷ್ಟ್ರು ಶಿಷ್ಯೆಯ ಕಡೆ ತಿರುಗಿದರು.

"ನಿನ್ನ ಕೈಗೆ ಏನಾಗಿದೆ?"

ನೀಲಾ ತನ್ನ ಕೈ ನೋಡಿಕೊಂಡಳು. ಏನೂ ಆಗಿರಲಿಲ್ಲ. ಮೊಸಳೆ, ಗಿಳಿ, ಜೋಳದ ತೆನೆ ಯಾವುದೂ ಅದನ್ನು ಕೆಡಿಸಿರಲಿಲ್ಲ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು ಆ ಖುಷಿ ಇತ್ತು.

ಆಮೇಲೆ ಹೆದರಿಕೆಯಾಯಿತು.

ಕೈ ಸರಿಯಾಗಿದ್ದರೆ ಅಪ್ಪ ಯಾಕೆ ಬರುತ್ತಿಲ್ಲ?

ಆ ಪ್ರಶ್ನೆಯನ್ನು ಅವಳು ಮೇಷ್ಟ್ರ ಹತ್ತಿರ ಕೇಳಲಿಲ್ಲ. ಬೇಗ ಬೇಗ ಹಾಳೆಗಳನ್ನು ಚೀಲಕ್ಕೆ ತುರುಕಿ, ನಾನು ಮನೆಗೆ ಹೋಗಿ ಬರೀತೀನಿ ಎಂದು ಎದ್ದಳು.

"ಇಲ್ಲೇ ಬರಿ" ಎಂದರು ಮೇಷ್ಟ್ರು.

ಮೂರನೆಯ ದಿನವಿಡೀ ಬರೆದಳು. ಊಟಕ್ಕೂ ಏಳಲಿಲ್ಲ. ಮೇಷ್ಟ್ರು ಮುದ್ದೆ, ಸೊಪ್ಪಿನ ಸಾರು ತಂದು ಪಕ್ಕದಲ್ಲಿಟ್ಟರೆ ಅದು ತಣ್ಣಗಾಯಿತು. ಸಂಜೆ ಹನ್ನೆರಡು ಹಾಳೆ ಜೋಡಿಸಿ ಬಿಟ್ಟು ನೋಡಿದಳು. ಬ್ಯಾಂಕಿನ ಯಜಮಾನರು ಖಾಕಿ ಅಂಗಿ ತೊಟ್ಟು ನಡೆದುಹೋದರು.

ನಮ್ಮಂಥವರಾಗಿದ್ದರೆ ಅಷ್ಟು ಹೊತ್ತಿಗೆ ಏನಾದರೂ ಸಮಾಧಾನ ಹೇಳಿಬಿಡುತ್ತಿದ್ದೆವು. ಕಾಲ ಎಲ್ಲವನ್ನೂ ಸರಿಮಾಡುತ್ತದೆ ಎನ್ನುತ್ತಿದ್ದೆವು. ಮೇಷ್ಟ್ರಿಗೆ ಆ ಅಭ್ಯಾಸವಿರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ಒಂದು ಊರುಗೋಲು ಹಿಡಿದು ಹೊರಬಂದರು. ಅವರ ಕಾಲು ಗಟ್ಟಿಯಾಗಿತ್ತು, ಕೋಲು ಮಠದ್ದು.

"ನೋಡು" ಎಂದು, ಬಲಗಾಲನ್ನು ಎಳೆಯುತ್ತಾ ಬಾವಿಯವರೆಗೆ ನಡೆದರು.

"ಹೀಗಾ?"

ಬಾವಿಯಿಂದ ಎಡಗಾಲನ್ನು ಎಳೆಯುತ್ತಾ ವಾಪಸ್ ಬಂದರು.

"ಇಲ್ಲ, ಹೀಗಾ?"

ನೀಲಾ ಅವರ ಎರಡೂ ಕಾಲುಗಳನ್ನು ನೋಡಿದಳು.

"ಯಾವ ಕಾಲು ನೀಲಾ?"

ಅವಳು ಕಣ್ಣು ಮುಚ್ಚಿಕೊಂಡಳು. ಆಸ್ಪತ್ರೆಯನ್ನು ನೆನೆಸಿಕೊಂಡಳು. ಅಪ್ಪನ ಕಾಲಿಗೆ ಪ್ಲಾಸ್ಟರ್ ಹಾಕಿದಾಗ ಅವಳು ಮೊಸಳೆಯ ಕೆಲಸದಲ್ಲಿದ್ದಳು, ಆಸ್ಪತ್ರೆಯಲ್ಲಿ ಜೊತೆಗಿದ್ದದ್ದು ಸೋದರತ್ತೆ. ಫೋಟೋಗಳನ್ನು ನೆನೆಸಿಕೊಂಡಳು. ಎಲ್ಲದರಲ್ಲೂ ಅಪ್ಪ ಕೂತಿದ್ದರು. ಯಾರಾದರೂ ಫೋನ್ ಎತ್ತಿ ಹಿಡಿದರೆ ಸಾಕು, ಹತ್ತಿರದ ಕುರ್ಚಿ ಹುಡುಕಿ ಕೂತುಬಿಡುತ್ತಿದ್ದರು. ಕುಂಟುವುದು ಅವರಿಗೆ ನಾಚಿಕೆಯ ವಿಷಯವಾಗಿತ್ತು.

"ಅತ್ತೆಗೆ ಫೋನ್ ಮಾಡ್ತೀನಿ" ಎಂದಳು. "ಅತ್ತೆಗೆ ಗೊತ್ತಿರುತ್ತೆ."

"ಮಾಡು. ಎಡಗಾಲು ಅಂತಾರೆ ಅಂತಿಟ್ಕೋ. ಎಡಗಾಲೇ ಕುಂಟೋ ಹಾಗೆ ಬರೀತೀಯ. ಅದು ನಿಮ್ಮತ್ತೆ ನೋಡಿದ ಗುರುಮಲ್ಲಪ್ಪ."

ನೀಲಾ ಫೋನನ್ನು ಕೆಳಗಿಟ್ಟಳು.

ಮೇಷ್ಟ್ರು ಕೋಲನ್ನು ಗೋಡೆಗೆ ಒರಗಿಸಿ ಅವಳ ಪಕ್ಕ ಬಂದು ಕೂತರು. ಆಮೇಲೆ ಮೆಲ್ಲಗೆ ಕೇಳಿದರು:

"ನಿನ್ನ ಮೇಜು ಮನೇಲಿ ಎಲ್ಲಿದೆ?"

"ಕಿಟಕಿ ಹತ್ರ. ಬೆಳಕು ಚೆನ್ನಾಗಿ ಬರುತ್ತೆ ಅಂತ."

"ಬಾಗಿಲು?"

ಅವಳು ಹಿಂದಕ್ಕೆ ತಿರುಗಿ ನೋಡಿದಳು.

"ಬೆನ್ನ ಹಿಂದೆ."

ಅಲ್ಲಿಂದ ಅವಳೇ ಹೇಳಿದಳು. ಮೇಷ್ಟ್ರು ಏನೂ ಕೇಳಬೇಕಾಗಲಿಲ್ಲ.

ಅಪ್ಪ ದಿನಕ್ಕೆ ಮೂರು ಸಲ ಕಾಫಿ ಮಾಡಿ ತರುತ್ತಿದ್ದರು. ಅಡುಗೆಮನೆಯಿಂದ ಅವಳ ಕೋಣೆಗೆ ಒಂಬತ್ತು ಹೆಜ್ಜೆ. ಒಂದು ಹೆಜ್ಜೆ ಗಟ್ಟಿಯಾಗಿ ಬೀಳುತ್ತಿತ್ತು, ಇನ್ನೊಂದು ರೆಡ್ ಆಕ್ಸೈಡ್ ನೆಲದ ಮೇಲೆ ಸರ್ ಅಂತ ಎಳೆಯುತ್ತಿತ್ತು. ಆ ಸದ್ದು ಈಗಲೂ ಅವಳ ಕಿವಿಯಲ್ಲಿದೆ, ಯಾರು ಬೇಕಾದರೂ ಕೇಳಲಿ, ತಟ್ಟಿ ತೋರಿಸುತ್ತಾಳೆ. ಮೇಜಿನ ಮೂಲೆಯಲ್ಲಿ ಲೋಟ ಇಟ್ಟು, "ಕಾಪಿ ಮಡಗಿವ್ನಿ ಕನವ್ವ, ಆರೋಯ್ತದೆ" ಎನ್ನುತ್ತಿದ್ದರು. ಅವಳು "ಹೂಂ ಅಪ್ಪ" ಎನ್ನುತ್ತಿದ್ದಳು. ಅವರು ಒಂದಷ್ಟು ಹೊತ್ತು ಅಲ್ಲೇ ನಿಂತು ಅವಳು ಬರೆಯುವುದನ್ನು ನೋಡುತ್ತಿದ್ದರು. ನಿಂತಿದ್ದಾರೆಂದು ಅವಳಿಗೆ ಗೊತ್ತಾಗುತ್ತಿತ್ತು. ಆಮೇಲೆ ಮತ್ತೆ ಒಂಬತ್ತು ಹೆಜ್ಜೆ.

ಆರು ವರ್ಷ ಹೀಗೇ ನಡೆಯಿತು. ಅವಳ ಕಣ್ಣೆದುರು ಮೊಸಳೆ ಇರುತ್ತಿತ್ತು, ಗಿಳಿ ಇರುತ್ತಿತ್ತು. ಆ ಗಿಳಿ ಯಾವ ರೆಕ್ಕೆಯನ್ನು ಮೊದಲು ಎತ್ತುತ್ತದೆ ಎಂದು ಈಗ ಕೇಳಿದರೂ ಹೇಳುತ್ತಾಳೆ.

ಹೇಳಿ ಮುಗಿಸಿ ಅವಳು ಅತ್ತಳು. ಸದ್ದು ಮಾಡದೆ, ಮುಖ ಮುಚ್ಚಿಕೊಳ್ಳದೆ ಅತ್ತಳು. ಅಪ್ಪ ಸತ್ತ ದಿನ ಕೂಡ ಅಷ್ಟು ದುಃಖವಾಗಿರಲಿಲ್ಲ. ಅವತ್ತು ಅಪ್ಪ ಹೋದರು ಎಂದುಕೊಂಡಿದ್ದಳು. ಅವರು ಮನೆಯಲ್ಲಿ ಓಡಾಡುತ್ತಿದ್ದಾಗಲೇ ಅವರನ್ನು ಕಳೆದುಕೊಂಡಿದ್ದೆ ಎಂದು ಇವತ್ತು ತಿಳಿಯಿತು.

ಮೇಷ್ಟ್ರು ಅವಳ ತಲೆ ಸವರಲಿಲ್ಲ. ಎದ್ದೂ ಹೋಗಲಿಲ್ಲ. ಕೆಳಗೆ ದೇವೀರಮ್ಮ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

"ಕೈ ಹಾಳಾಗಿದ್ದಿದ್ರೇ ಚೆನ್ನಾಗಿತ್ತು ಮೇಷ್ಟ್ರೇ" ಎಂದಳು ನೀಲಾ.

"ಹೌದು" ಎಂದರು ಮೇಷ್ಟ್ರು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬರೆದು ಬಿಸಾಡಿದ್ದ ಹಾಳೆಗಳನ್ನೆಲ್ಲ ಒಟ್ಟುಮಾಡಿದಳು. ಹರಿಯಲು ಹೋಗಿ ಹಾಗೇ ಬಿಟ್ಟಳು.

"ಇನ್ನು ನಾನು ಏನು ಬರೀಲಿ? ಬರೆಯೋಕೆ ನನ್ನ ಹತ್ರ ಅಪ್ಪನೇ ಇಲ್ಲ."

ಮೇಷ್ಟ್ರು ಅವಳ ಚೀಲದಿಂದ ಒಂದು ಖಾಲಿ ಹಾಳೆ ತೆಗೆದರು. ಅವಳ ಮುಂದೆ ಇಟ್ಟು, ಗಾಳಿಗೆ ಹಾರದಂತೆ ಅಂಚಿನ ಮೇಲೆ ಬೆರಳಿಟ್ಟರು.

"ಬಾಗಿಲಿಗೆ ಬೆನ್ನು ಹಾಕಿ ಒಬ್ಬಳು ಕೂತಿದ್ದಳಲ್ಲ, ಅವಳನ್ನ ಬರಿ. ಅವಳು ಅಲ್ಲಾಡಲೇ ಇಲ್ಲ. ಒಂದು ಹಾಳೆ ಸಾಕು."