ನಲವತ್ತು ದಿನ ಯಾರೂ ಬೀಳಲಿಲ್ಲ

ಮಾದೇಶ ಗುರುಗಳ ಮುಂದೆ ನಿಂತು, ಎದೆ ಸ್ವಲ್ಪ ಮುಂದೆ ಮಾಡಿಕೊಂಡು ಹೇಳಿದ.

"ಬುದ್ಧಿ, ಇವತ್ತಿಗೆ ನಲವತ್ತು ದಿನ. ಒಬ್ಬರೂ ಬಿದ್ದಿಲ್ಲ."

ಕಪಿಲೆಯ ದಂಡೆಯ ಆ ಮಠದಲ್ಲಿ ಗುರುಗಳನ್ನು ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಮಠದ ಹಿಂದೆ ಒಂದು ಆರೈಕೆಮನೆ ಇತ್ತು. ಹನ್ನೆರಡು ಮಂಚ, ಹನ್ನೆರಡು ಜನ. ಎಲ್ಲರೂ ವಯಸ್ಸಾದವರು, ಒಂದಲ್ಲ ಒಂದು ಕಾಯಿಲೆಯವರು.

ಮಂತ್ರ ಕಲಿಯಲು ಬಂದ ಮಾದೇಶನ ಕೈಗೆ ಗುರುಗಳು ನೆಲ ಒರೆಸುವ ಬಟ್ಟೆ ಕೊಟ್ಟಿದ್ದರು. "ಅಲ್ಲಿ ಯಾರೂ ಬೀಳದ ಹಾಗೆ ನೋಡ್ಕೋ. ಸದ್ಯಕ್ಕೆ ಅದೇ ನಿನ್ನ ಮಂತ್ರ" ಎಂದಿದ್ದರು.

ಈಗ ಅವರು ಕೇಳಿದರು. "ಹೇಗೆ ಮಾಡಿದೆ?"

"ಒಂದು ಕಾನೂನು ಮಾಡಿದೆ ಬುದ್ಧಿ. ಬಿದ್ದವರು ಹದಿನೈದು ದಿನ ಮಂಚ ಬಿಟ್ಟು ಇಳಿಯೋ ಹಾಗಿಲ್ಲ. ಊಟ, ಸ್ನಾನ, ಎಲ್ಲ ಮಂಚದ ಮೇಲೇ. ಅವರ ಕೋಲು, ಚಪ್ಪಲಿ ನನ್ನ ಹತ್ರ."

"ಮತ್ತೆ?"

"ಚೆನ್ನಾಗಿ ಬೈತೀನಿ. ಎಲ್ಲರ ಎದುರಿಗೇ. ಒಬ್ಬರಿಗೆ ಬೈದ್ರೆ ಹನ್ನೊಂದು ಜನ ಹುಷಾರಾಗ್ತಾರೆ."

ಗುರುಗಳು ಬೆರಳು ಮಡಿಸಿ ಲೆಕ್ಕ ಹಾಕಿದರು.

"ಹನ್ನೆರಡು ಜನ, ನಲವತ್ತು ದಿನ," ಎಂದರು. "ನಾನೊಬ್ಬನೇ ಇಷ್ಟು ದಿನದಲ್ಲಿ ನಾಲ್ಕು ಸಲ ಎಡವಿದೀನಲ್ಲೋ."

ಮಾದೇಶ ಅದನ್ನು ಹೊಗಳಿಕೆ ಎಂದುಕೊಂಡ. ನೇರ ಆರೈಕೆಮನೆಗೆ ಹೋಗಿ, ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ನಲವತ್ತು ಎಂದು ದೊಡ್ಡದಾಗಿ ಬರೆದ.

ಅವನು ಸೋಮಾರಿಯಲ್ಲ, ಅದನ್ನು ಹೇಳಲೇಬೇಕು. ದಿನಾ ಬೆಳಗಿನ ಐದಕ್ಕೆ ಎದ್ದು ಪಡಸಾಲೆಗೆಲ್ಲ ಫಿನಾಯಿಲು ಹಾಕಿ ಒರೆಸುತ್ತಿದ್ದ. ಗಂಡಸರು ಮನೆಗೆಲಸಕ್ಕೆ ಇಳಿದರೆ ಕೆಲಸಕ್ಕಿಂತ ನೀರು ಜಾಸ್ತಿ ಖರ್ಚಾಗುತ್ತದೆ, ಅಷ್ಟೇ. ಕೆಂಪು ಗಾರೆಯ ನೆಲ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು.

ಮಾರನೆಯ ಬೆಳಿಗ್ಗೆ ಚಿಕ್ಕತಮ್ಮಯ್ಯ ಗಂಜಿ ಕುಡಿಯಲು ಏಳಲಿಲ್ಲ.

ಚಿಕ್ಕತಮ್ಮಯ್ಯ ಮೂವತ್ತು ವರ್ಷ ತೆಂಗಿನ ಮರ ಹತ್ತಿ ಕಾಯಿ ಕೆಡವಿದವನು. ಈಗ ಹೃದಯದ ಕಾಯಿಲೆ. ಆದರೂ ಕೋಲೂರಿಕೊಂಡು ಹೊಳೆಯ ದಂಡೆಗೆ ಹೋಗಿ, ಅಲ್ಲಿನ ಮರಗಳ ಸುಳಿ ನೋಡಿಕೊಂಡು ಬಂದರಷ್ಟೇ ಅವನಿಗೆ ಬೆಳಗಾಗುತ್ತಿದ್ದದ್ದು.

"ತಾತ, ಏಳಿ. ಗಂಜಿ ಆರಿಹೋಗ್ತದೆ."

ಚಿಕ್ಕತಮ್ಮಯ್ಯ ಕಣ್ಣು ಬಿಟ್ಟ. ಏನೋ ಹೇಳಿದ. ಮಾತು ಬಾಯಲ್ಲೇ ಮುದ್ದೆಯಾಯಿತು. ಮತ್ತೆ ಕಣ್ಣು ಮುಚ್ಚಿದ.

ಮಾದೇಶ ಓಡಿ ಗುರುಗಳಿಗೆ ಹೇಳಿದ. ಪಟ್ಟಣದಿಂದ ಡಾಕ್ಟರಮ್ಮ ಬಂದರು. ನಾಡಿ ನೋಡಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು, ಬಿಪಿ ನೋಡಿದರು. ಎಲ್ಲ ಸರಿಯಾಗಿತ್ತು.

"ಎಲ್ಲಾದರೂ ಬಿದ್ದಿದ್ರಾ? ತಲೆಗೆ ಏನಾದ್ರೂ ತಗುಲಿತ್ತಾ?"

"ಇಲ್ಲ ಡಾಕ್ಟರಮ್ಮ," ಮಾದೇಶ ಹೇಳಿದ.

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ನಮ್ಮಲ್ಲಿ ಯಾರೂ ಬೀಳೋದಿಲ್ಲ. ಬೇಕಾದ್ರೆ ಹಲಗೆ ನೋಡಿ."

ಡಾಕ್ಟರಮ್ಮ ಹಲಗೆ ನೋಡಿದರು. ನಲವತ್ತೊಂದು ಎಂದಿತ್ತು.

"ಹಾಗಾದ್ರೆ ರಾತ್ರಿ ನಿದ್ದೆ ಕೆಟ್ಟಿರಬೇಕು. ನಾಳೆವರೆಗೆ ನೋಡೋಣ" ಎಂದು ಚೀಲ ಕಟ್ಟತೊಡಗಿದರು.

ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಗುರುಗಳು ಒಳಗೆ ಬಂದರು. ಹನ್ನೊಂದು ಮುಖಗಳನ್ನೂ ಒಂದೊಂದಾಗಿ ನೋಡಿದರು. ಹನ್ನೊಂದೂ ನೆಲ ನೋಡಿದವು.

ಅವರು ಚಿಕ್ಕತಮ್ಮಯ್ಯನ ಪಕ್ಕದ ಮಂಚದ ಅಂಚಿಗೆ ಕೂತು ಮೊಣಕಾಲು ನೀವಿಕೊಂಡರು.

"ನಿನ್ನೆ ನಾನು ಬಚ್ಚಲಲ್ಲಿ ಬಿದ್ದೆ" ಎಂದರು.

ಆರೈಕೆಮನೆಯಲ್ಲಿ ಕೆಮ್ಮುವವರೂ ಕೆಮ್ಮು ನಿಲ್ಲಿಸಿದರು. ಎಲ್ಲರ ಕಣ್ಣು ಮಾದೇಶನ ಬಾಯಿಯ ಮೇಲೆ. ಈಗ ಬೈತಾನೆ, ಬುದ್ಧಿಯವರ ಕೋಲೂ ಹೋಯಿತು ಎಂದು ಕಾದರು.

ಮಾದೇಶ ಗಾಬರಿಯಾಗಿ ಮಂಡಿಯೂರಿ ಗುರುಗಳ ಕಾಲು ಹಿಡಿದುಕೊಂಡ.

"ಬುದ್ಧಿ! ಏಟಾಯ್ತಾ? ಎಲ್ಲಿ ನೋವು?"

ಕಿಟಕಿಯ ಪಕ್ಕದ ಮಂಚದಿಂದ ದುಂಡಮ್ಮ ಗಟ್ಟಿಯಾಗಿ ಹೇಳಿದಳು. "ಓಹೋ! ಇವನಿಗೆ ಹಿಂಗೂ ಕೇಳಕ್ಕೆ ಬತ್ತದೆ ಕಣ್ರಮ್ಮ!"

ಯಾರೋ ಕಿಸಕ್ಕನೆ ನಕ್ಕರು.

"ಸುಮ್ನಿರಿ ಅಜ್ಜಿ" ಎಂದ ಮಾದೇಶ.

"ಯಾಕ್ಲಾ ಸುಮ್ನಿರ್ಲಿ? ನಲವತ್ತು ದಿನ ಸುಮ್ನಿದ್ದಿದ್ದು ಸಾಕಾಗಿಲ್ವಾ?" ದುಂಡಮ್ಮ ಸೆರಗು ಸರಿಸಿದಳು. ಮೊಣಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮೇಲೆ ಅರಿಶಿನ ಸುಣ್ಣದ ಪಟ್ಟು. "ನೋಡಿ ಬುದ್ಧಿ. ನಾನೂ ಬಿದ್ದೆ. ಹೋದ ಶುಕ್ರವಾರ."

"ಯಾಕೆ ಹೇಳಲಿಲ್ಲ ತಾಯಿ?"

"ಮಗು ಬಿದ್ರೆ ಏನು ಮಾಡ್ತೀವಿ? ನೆಲಕ್ಕೆ ನಾಲ್ಕು ಏಟು ಕೊಟ್ಟು ಮಗೂನ ಎತ್ಕೋತೀವಿ. ಇವನು ನೆಲಾನ ಬಿಟ್ಟು ನಮಗೇ ಬಾರಿಸ್ತಾನೆ. ಎಂಟು ಹೆತ್ತವಳು ನಾನು, ಇವನ ಕೈಲಿ ಮಂಚದ ಮೇಲೆ ಸ್ನಾನ ಮಾಡಿಸ್ಕೊಳ್ಳಾ?"

ಆಮೇಲೆ ಕಟ್ಟೆ ಒಡೆಯಿತು.

ಒಬ್ಬರು ಬಚ್ಚಲ ಬಾಗಿಲ ಚಾಪೆ ಜಾರಿ ಬಿದ್ದಿದ್ದರು. ಒಬ್ಬರು ಉದ್ದ ಪಂಚೆ ಕಾಲಿಗೆ ಸಿಕ್ಕಿ. ಒಬ್ಬರು ಮಂಚದಿಂದ ಧಡಕ್ಕನೆ ಎದ್ದು, ಕಣ್ಣು ಕತ್ತಲೆ ಬಂದು. ಇನ್ನೊಬ್ಬಾಕೆ ತಾನು ಎರಡು ಸಲ ಬಿದ್ದೆನೆಂದು ಹೇಳಿ, ಒಂದು ಸಲ ಬಿದ್ದವರನ್ನು ಅಯ್ಯೋ ಪಾಪ ಎಂಬಂತೆ ನೋಡಿದಳು. ಬಿದ್ದವರನ್ನು ಎತ್ತಿದವರೂ ಅವರವರೇ. ಮಾದೇಶ ಬರುವುದರೊಳಗೆ ಮಂಚಕ್ಕೆ ಸೇರಿಸಿ, ಹೊದಿಕೆ ಹೊದಿಸಿ, ಏನೂ ಆಗದವರ ಹಾಗೆ ಮಲಗಿಸಿದ್ದರು.

ಮಾದೇಶನ ಮುಖ ಹಲಗೆಯ ಹಾಗೆ ಕಪ್ಪಾಯಿತು.

ಗುರುಗಳು ಅವನ ಕಡೆ ನೋಡಲಿಲ್ಲ. ಅವರ ಕಣ್ಣು ತಾವು ಕೂತಿದ್ದ ಮಂಚದ ಗುರುಮಲ್ಲಪ್ಪನ ಮೇಲಿತ್ತು. ಗುರುಮಲ್ಲಪ್ಪ ಹಿಂದೆ ಅಂಚೆ ಹಂಚುತ್ತಿದ್ದವನು. ಇಷ್ಟು ಗದ್ದಲದಲ್ಲೂ ಅವನೊಬ್ಬ ಟವೆಲಿನ ತುದಿ ಹಿಂಡುತ್ತ ಕೂತಿದ್ದ.

ದುಂಡಮ್ಮನೂ ಅದನ್ನು ನೋಡಿದಳು. "ಪೋಸ್ಟಪ್ಪ, ಯಾರದೋ ಕಾಗದ ಅಡಿಗೆ ಹಾಕ್ಕೊಂಡು ಕೂತಿದ್ದೀಯ. ಕೊಟ್ಬಿಡು."

"ಆಣೆ ಹಾಕಿಸ್ಕೊಂಡಿದಾನೆ ಬುದ್ಧಿ," ಎಂದ ಗುರುಮಲ್ಲಪ್ಪ. "ಬೆಟ್ಟದ ದೇವರು ಮಾದಪ್ಪನ ಮೇಲೆ."

"ಆ ಆಣೆ ನನ್ನ ತಲೆ ಮೇಲಿರಲಿ. ಹೇಳು."

ಗುರುಮಲ್ಲಪ್ಪ ಪಕ್ಕದ ಮಂಚದಲ್ಲಿ ಮಲಗಿದ್ದವನನ್ನು ನೋಡಿದ.

"ಸೋಮವಾರ ಬೆಳಗಿನ ಜಾವ. ಮೂತ್ರಕ್ಕೆ ಅಂತ ಎದ್ದ. ಈ ಹುಡುಗ ಆಗಷ್ಟೇ ಪಡಸಾಲೆ ಒರೆಸಿ ಹೋಗಿದ್ದ, ನೆಲ ಇನ್ನೂ ಒದ್ದೆ. ಜಾರಿದ. ಕಂಬಕ್ಕೆ ತಲೆ ಹೊಡೀತು. ನಾನೊಬ್ಬನೇ ಹೇಗೋ ಎತ್ತಿ ಮಂಚಕ್ಕೆ ಸೇರಿಸಿದೆ. ಏನೂ ಆಗಿಲ್ಲ, ಬುಗುಟು ಬಂದದೆ ಅಷ್ಟೆ, ಹೇಳಬೇಡ ಅಂದ. ಹೇಳಿದ್ರೆ ಮಂಚಕ್ಕೆ ಹಾಕ್ತಾನೆ, ದಂಡೆಗೆ ಹೋಗಕ್ಕೆ ಬಿಡಲ್ಲ ಅಂದ."

ಡಾಕ್ಟರಮ್ಮ ಚೀಲ ಕೆಳಗಿಟ್ಟು ಚಿಕ್ಕತಮ್ಮಯ್ಯನ ರುಮಾಲು ಬಿಚ್ಚಿದರು. ಕಿವಿಯ ಮೇಲೆ ಊತ. ರೆಪ್ಪೆ ಎತ್ತಿ ಕಣ್ಣಿಗೆ ಟಾರ್ಚು ಬಿಟ್ಟರು.

"ಇವರು ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು! ಒಳಗೆ ಎಷ್ಟು ರಕ್ತ ಸುರಿದಿದೆಯೋ. ಗಾಡಿ ತರಿಸಿ, ಈಗಲೇ!"

ಮಠದ ಜೀಪಿನಲ್ಲಿ ಹಾಸಿಗೆ ಹಾಸಿದರು. ಮಾದೇಶ ಚಿಕ್ಕತಮ್ಮಯ್ಯನ ತಲೆಯನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು ಕೂತ. ಪಟ್ಟಣದವರೆಗೂ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ತಲೆಯೊಳಗೆ ಹೆಪ್ಪುಗಟ್ಟಿದ್ದ ರಕ್ತ ತೆಗೆದರು. ನಾಳೆವರೆಗೆ ಕಾದಿದ್ದರೆ ಕರೆತರುವ ಕಷ್ಟ ಇರುತ್ತಿರಲಿಲ್ಲ ಎಂದರು. ಮೂರನೆಯ ದಿನ ಚಿಕ್ಕತಮ್ಮಯ್ಯ ಕಣ್ಣು ಬಿಟ್ಟು, ಎದುರಿಗಿದ್ದ ಮಾದೇಶನನ್ನು ಕಂಡು ಮೊದಲು ಹೇಳಿದ ಮಾತು ಇದು.

"ನಾನು ಬಿದ್ದಿಲ್ಲ ಕಣಪ್ಪ."

ಮಾದೇಶ ಹೊರಗೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ.

ಮಠಕ್ಕೆ ಬಂದವನೇ ಒರೆಸುವ ಬಟ್ಟೆಯನ್ನು ಗುರುಗಳ ಮುಂದೆ ಇಟ್ಟ.

"ಬುದ್ಧಿ, ನನ್ನನ್ನ ಆರೈಕೆಮನೆಯಿಂದ ತೆಗೆದುಬಿಡಿ. ನಾನು ಅದಕ್ಕೆ ತಕ್ಕವನಲ್ಲ."

"ಬಿದ್ದವರನ್ನ ಮೂಲೆಗೆ ಹಾಕೋದು ನಿನ್ನ ಕಾನೂನು," ಎಂದರು ಗುರುಗಳು. "ನನ್ನದಲ್ಲ."

"ಹಾಗಾದ್ರೆ ಏನು ಮಾಡ್ಲಿ?"

"ದುಂಡಮ್ಮ ಬಿದ್ದದ್ದು ಎಲ್ಲಿ?"

"ಗೊತ್ತಿಲ್ಲ ಬುದ್ಧಿ."

"ಹೋಗಿ ಕೇಳು."

ಮಾದೇಶ ಹೋಗಿ ಕೇಳಿದ. ದುಂಡಮ್ಮ ಅವನ ಕೈ ಹಿಡಿದು ಕರೆದೊಯ್ದು ತೋರಿಸಿದಳು. ಬಚ್ಚಲಿನ ಹೊಸಿಲು ದಾಟುವಾಗ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಹೊಸಿಲು ತುಳಿಯಬಾರದೆಂದು ಅವಳು ಕಾಲು ಎತ್ತರಕ್ಕೆ ಎತ್ತುತ್ತಿದ್ದಳು. ಇನ್ನೊಂದು ಕಾಲಿನ ಕೆಳಗೆ ಸೋಪಿನ ನೀರು.

"ತುಳಿದು ದಾಟಬಾರದಾ ಅಜ್ಜಿ?"

"ಲಕ್ಷ್ಮಿನಾ? ನೀನು ತುಳಿ, ನಿನ್ನ ಮೂಳೆ ಗಟ್ಟಿ ಅವೆ."

ಮಾದೇಶ ಬಡಗಿಯನ್ನು ಕರೆಸಿ ಹೊಸಿಲ ಎರಡೂ ಕಡೆ ಹಿಡಿ ಹೊಡೆಸಿದ. ಜಾರುವ ಚಾಪೆ ಒಲೆಗೆ ಹೋಯಿತು. ಪಂಚೆಗಳ ಅಂಚು ಗೇಣುದ್ದ ಮೇಲೆ ಬಂತು. ಮಂಚದಿಂದ ಏಳುವ ಮುಂಚೆ ಕಾಲು ಇಳಿಬಿಟ್ಟು ಒಂದು ನಿಮಿಷ ಕೂರಬೇಕೆಂದಾಯಿತು. ಆ ನಿಮಿಷ ಮಾತಿಗೆ ಸಿಕ್ಕಿ ಹತ್ತು ನಿಮಿಷವಾಗುತ್ತಿತ್ತು, ಅದು ಬೇರೆ. ನೆಲ ಒರೆಸುವುದು ಎಲ್ಲರೂ ಗಂಜಿ ಕುಡಿದು ಬಿಸಿಲಿಗೆ ಕೂತ ಮೇಲೆ. ಬೆಳಗಿನ ಐದಕ್ಕೆ ಮಾದೇಶ ಈಗಲೂ ಏಳುತ್ತಿದ್ದ, ಬಟ್ಟೆ ಹಿಡಿಯಲು ಅಲ್ಲ, ಬಚ್ಚಲಿಗೆ ಹೋಗುವವರ ತೋಳು ಹಿಡಿಯಲು.

ಹಲಗೆಯ ಸಂಖ್ಯೆಯನ್ನು ಅಳಿಸಿದ. ಅಲ್ಲಿ ಯಾರು, ಎಲ್ಲಿ, ಯಾವಾಗ, ಏನು ಮಾಡಲು ಹೋಗಿ ಬಿದ್ದರು ಎಂದು ಬರೆಯತೊಡಗಿದ. ಮೊದಲ ತಿಂಗಳಲ್ಲಿ ಒಂಬತ್ತು ಸಾಲು ತುಂಬಿತು.

ಮಠಕ್ಕೆ ಬಂದ ಒಬ್ಬ ದೊಡ್ಡ ಮನುಷ್ಯರು ಅದನ್ನು ಓದಿ ಹುಬ್ಬು ಗಂಟಿಕ್ಕಿದರು. "ಏನ್ರೀ ಇದು? ಹೋದ ಸಲ ಬಂದಾಗ ಒಬ್ಬರೂ ಬೀಳ್ತಿರಲಿಲ್ಲ!"

ಮಾದೇಶನಿಗೆ ಕಿವಿ ಬಿಸಿಯಾಯಿತು. ಆದರೂ ಹಲಗೆಗೆ ಅಡ್ಡ ನಿಲ್ಲಲಿಲ್ಲ.

"ಬೀಳ್ತಿದ್ರು ಸ್ವಾಮಿ," ಎಂದ. "ನನಗೆ ಹೇಳ್ತಿರಲಿಲ್ಲ."

ಮುಂದಿನ ತಿಂಗಳು ಸಾಲು ಮೂರಕ್ಕೆ ಇಳಿಯಿತು. ಚಿಕ್ಕತಮ್ಮಯ್ಯ ಬೋಳುತಲೆಯಲ್ಲಿ ವಾಪಸು ಬಂದು, ಒಂದು ಕೈ ಕೋಲಿನ ಮೇಲೆ, ಇನ್ನೊಂದು ಕೈ ಮಾದೇಶನ ಭುಜದ ಮೇಲೆ ಇಟ್ಟುಕೊಂಡು ದಂಡೆಗೆ ಹೋಗತೊಡಗಿದ. ದಾರಿಯುದ್ದಕ್ಕೂ ಈ ಕಾಲದ ಹುಡುಗರಿಗೆ ಮರ ಹತ್ತಲು ಬರುವುದಿಲ್ಲವೆಂದು ಬೈಯುತ್ತಿದ್ದ. ಮಾದೇಶ ಹೂಂಗುಟ್ಟುತ್ತಿದ್ದ.

ಒಂದು ಸಂಜೆ ಅವನು ಗುರುಗಳ ಸ್ನಾನಕ್ಕೆ ನೀರು ತೋಡಿಟ್ಟು ಬಚ್ಚಲ ನೆಲವನ್ನು ಕೈಯಿಂದ ಸವರಿ ನೋಡಿದ. ಒರಟು ಚಪ್ಪಡಿ. ಎಲ್ಲೂ ಪಾಚಿಯಿಲ್ಲ, ನೀರು ನಿಲ್ಲುವ ತಗ್ಗಿಲ್ಲ. ಆವತ್ತು ತಾನು ಹಿಡಿದುಕೊಂಡ ಮೊಣಕಾಲಿನ ಮೇಲೆ ಒಂದು ಗೀರೂ ಇರಲಿಲ್ಲವೆಂಬುದು ಅವನಿಗೆ ಈಗ ಹೊಳೆಯಿತು.

"ಬುದ್ಧಿ," ಎಂದ. "ಆವತ್ತು ನೀವು ನಿಜವಾಗಿಯೂ ಬಿದ್ದಿದ್ರಾ?"

ಗುರುಗಳು ಅವನ ತೋಳು ಹಿಡಿದು ಮೆಲ್ಲಗೆ ಹೊಸಿಲು ದಾಟಿದರು.

"ನೀನು ಬೈತೀಯ ಅನ್ನೋದಾದ್ರೆ, ಬಿದ್ದಿಲ್ಲ."